ನೇಗಿಲು ಹೂಡಿದರೆ ಮಳೆ ಬರುತ್ತದೆಯೇ? ಒಂಟಿಗೈ ಮೇಜರ್ ಮತ್ತು ಹಳೆಯ ನಕ್ಷೆಗಳ ಕಥೆ

ಒಣಬಯಲನ್ನು ಉತ್ತು ಬಿತ್ತಿದರೆ ಸಾಕು, ಮಳೆ ತಾನಾಗಿಯೇ ನೇಗಿಲ ಹಿಂದೆ ಬರುತ್ತದೆ. ಇಂಥದೊಂದು ಮೆಸೇಜ್ ಇವತ್ತು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ನೀವು ನಕ್ಕು ಮುಂದೆ ಹೋಗಬಹುದು. ಆದರೆ ಸುಮಾರು 140 ವರ್ಷಗಳ ಹಿಂದೆ ಅಮೆರಿಕದಲ್ಲಿ ಇದೇ ಮಾತನ್ನು ನಂಬಿ ಸಾವಿರಾರು ಕುಟುಂಬಗಳು ಇದ್ದಬದ್ದದ್ದನ್ನು ಮಾರಿ ಪಶ್ಚಿಮದ ಬಯಲುಸೀಮೆಗೆ ಗಾಡಿ ಕಟ್ಟಿದವು.

ಆಗ ವಾಟ್ಸಾಪ್ ಇರಲಿಲ್ಲ. ಆ ಕೆಲಸವನ್ನು ರೈಲ್ವೆ ಕಂಪನಿಗಳ ಕರಪತ್ರಗಳು, ಊರೂರಿನ ಪತ್ರಿಕೆಗಳು ಮತ್ತು ಜಮೀನಿನ ದಲ್ಲಾಳಿಗಳು ಮಾಡುತ್ತಿದ್ದರು. ರೈಲ್ವೆ ಕಂಪನಿಗಳಿಗೆ ಸರ್ಕಾರ ಹಳಿಯ ಅಕ್ಕಪಕ್ಕದ ಜಮೀನನ್ನೇ ಕೊಟ್ಟಿತ್ತು; ಅದನ್ನು ಮಾರಬೇಕಲ್ಲ! ನೆಬ್ರಾಸ್ಕ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಆಘೀ ಎಂಬ ಪ್ರೊಫೆಸರ್ ಈ ನಂಬಿಕೆಗೆ ವಿಜ್ಞಾನದ ಬಣ್ಣವನ್ನೂ ಹಚ್ಚಿದ. ಉತ್ತ ನೆಲ ಸ್ಪಂಜಿನಂತೆ ನೀರು ಹೀರುತ್ತದೆ, ಅದು ನಿಧಾನವಾಗಿ ಆವಿಯಾಗಿ ಮೇಲೇರಿ ಮತ್ತೆ ಮಳೆಯಾಗಿ ಸುರಿಯುತ್ತದೆ ಎಂಬುದು ಅವನ ವಾದ. ಕೇಳಲು ಎಷ್ಟು ಸರಿಯಾಗಿದೆ ನೋಡಿ. ಸುಳ್ಳು ಸುದ್ದಿಗಳು ಹರಡುವುದೇ ಹೀಗೆ, ಅರ್ಧ ವಿಜ್ಞಾನ ಬೆರೆಸಿಕೊಂಡು.

ಇದು ಸುಳ್ಳು ಎಂದು ಲೆಕ್ಕ ಹಾಕಿ ಹೇಳಿದವನ ಹೆಸರು ಜಾನ್ ವೆಸ್ಲಿ ಪೊವೆಲ್. ಆತನಿಗಿದ್ದದ್ದು ಒಂದೇ ಕೈ. ಆತ ಆರಂಭಿಸಿದ ನಕ್ಷೆಗಳ ಸರಣಿ ಇಂದಿಗೂ ಉಳಿದಿದೆ. ಅವುಗಳಲ್ಲಿ ದನ ಸಾಕುವ ಪಶ್ಚಿಮದ ಹುಲ್ಲುಗಾವಲು ಸೀಮೆಯ ಹಾಳೆಗಳನ್ನು ತೆರೆದರೆ, ಯಾರು ಬಂದರು, ಯಾರು ಸೋತು ಹೋದರು ಎಂಬುದು ಗೆರೆಗಳಲ್ಲೇ ಕಾಣಿಸುತ್ತದೆ.

ಕಲ್ಲೇಟು ತಿಂದ ಹುಡುಗ

ಪೊವೆಲ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದ ಮೆಥಡಿಸ್ಟ್ ಧರ್ಮಬೋಧಕ, ಗುಲಾಮಗಿರಿಯ ಕಡುವಿರೋಧಿ. ಕುಟುಂಬ ಒಹಾಯೋ ರಾಜ್ಯದ ಜಾಕ್ಸನ್‌ಗೆ ಬಂದಾಗ ಅಲ್ಲಿನವರಿಗೆ ಈ ನಿಲುವು ಹಿಡಿಸಲಿಲ್ಲ. ತಂದೆಯ ಮೇಲಿನ ಸಿಟ್ಟನ್ನು ಮಗನ ಮೇಲೆ ತೀರಿಸಿಕೊಂಡರು. ಶಾಲೆಯಲ್ಲಿ ಹುಡುಗ ಕಲ್ಲೇಟು ತಿಂದ. ಕೊನೆಗೆ ಜಾರ್ಜ್ ಕ್ರೂಕಮ್ ಎಂಬ ನೆರೆಯ ರೈತ ಅವನಿಗೆ ಪಾಠ ಹೇಳಿಕೊಟ್ಟ. ಕಲ್ಲು, ಗಿಡ, ಪ್ರಾಣಿ ಎಲ್ಲವನ್ನೂ ಕೂಡಿಟ್ಟುಕೊಂಡಿದ್ದ ಆ ರೈತನೇ ಪೊವೆಲ್‌ನ ನಿಜವಾದ ವಿಶ್ವವಿದ್ಯಾಲಯ. ಮುಂದೆ ಮೂರು ಕಾಲೇಜುಗಳ ಮೆಟ್ಟಿಲು ಹತ್ತಿದರೂ ಒಂದರಲ್ಲೂ ಡಿಗ್ರಿ ಮುಗಿಸಲಿಲ್ಲ. ಮಧ್ಯೆ ಶಾಲಾ ಮೇಷ್ಟ್ರಾಗಿದ್ದುಕೊಂಡು, ರಜೆಯಲ್ಲಿ ದೋಣಿ ಹತ್ತಿ ಮಿಸ್ಸಿಸ್ಸಿಪ್ಪಿ, ಒಹಾಯೋ ನದಿಗಳಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದ.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದ ಸೈನ್ಯ ಸೇರಿದ. ಮುಂದಿನ ವರ್ಷ ಏಪ್ರಿಲ್ 6ರಂದು ಶೈಲೋ ಕದನದಲ್ಲಿ ಗುಂಡೊಂದು ಬಲ ಮುಂಗೈಯನ್ನು ಪುಡಿ ಮಾಡಿತು. ಮೊಣಕೈ ಕೆಳಗೆ ಕತ್ತರಿಸಬೇಕಾಯಿತು. ಗಾಯ ವಾಸಿಯಾದ ಮೇಲೂ ಆತ ಮನೆಗೆ ಹೋಗಲಿಲ್ಲ, ಮತ್ತೆ ಫಿರಂಗಿ ದಳಕ್ಕೇ ಮರಳಿದ. ಕತ್ತರಿಸಿದ ಜಾಗದ ನರಗಳ ನೋವು ಮಾತ್ರ ಜೀವನಪೂರ್ತಿ ಬಿಡಲಿಲ್ಲ. ಸೈನ್ಯದಿಂದ ಬಂದ ಮೇಜರ್ ಎಂಬ ಹೆಸರೂ ಹಾಗೆಯೇ ಅಂಟಿಕೊಂಡಿತು.

ಸತ್ತಿದ್ದಾನೆ ಎಂಬ ಸುದ್ದಿ

ಯುದ್ಧ ಮುಗಿದ ಮೇಲೆ ಇಲಿನಾಯ್‌ನಲ್ಲಿ ಭೂವಿಜ್ಞಾನದ ಪ್ರೊಫೆಸರ್ ಆದ. ಆದರೆ ಮನಸ್ಸೆಲ್ಲ ಅಮೆರಿಕದ ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದ ಮೇಲೆ. ಕೊಲರಾಡೋ ನದಿ ಕಡಿದಾದ ಕಣಿವೆಗಳ ಒಳಗೆ ಹೊಕ್ಕು ಎಲ್ಲಿ ಹೇಗೆ ಹರಿಯುತ್ತದೆ ಎಂಬುದು ನಕ್ಷೆ ಬರೆಯುವವರಿಗೆ ಗೊತ್ತಿರಲಿಲ್ಲ. 1869ರ ಮೇ 24ರಂದು ವಯೋಮಿಂಗ್‌ನ ಗ್ರೀನ್ ರಿವರ್ ಎಂಬಲ್ಲಿಂದ ಹತ್ತು ಜನ, ನಾಲ್ಕು ದೋಣಿಗಳಲ್ಲಿ ಹೊರಟರು. ಒಂದು ದೋಣಿಗೆ ಹೆಂಡತಿ ಎಮ್ಮಾ ಡೀನ್ ಹೆಸರಿಟ್ಟಿದ್ದ.

ಹದಿನೈದು ದಿನ ಆಗುವಷ್ಟರಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಅದರಲ್ಲೇ ಎಲ್ಲ ಬ್ಯಾರೋಮೀಟರ್‌ಗಳೂ ಇದ್ದವು. ಬ್ಯಾರೋಮೀಟರ್ ಯಾಕೆ ಬೇಕು? ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಕೆಳಗಿಳಿದಂತೆ ಹೆಚ್ಚುತ್ತದೆ. ಹಾಗಾಗಿ ಒತ್ತಡ ಅಳೆದರೆ ನಾವಿರುವ ಎತ್ತರ ತಿಳಿಯುತ್ತದೆ. ಹೊರಟ ಜಾಗದ ಎತ್ತರ ಗೊತ್ತು, ಮುಟ್ಟಬೇಕಾದ ಜಾಗದ ಎತ್ತರವೂ ಅಂದಾಜು ಗೊತ್ತು. ಈಗ ಎಷ್ಟು ಎತ್ತರದಲ್ಲಿದ್ದೇವೆ ಎಂದು ತಿಳಿದರೆ ನದಿ ಇನ್ನೆಷ್ಟು ಧುಮುಕಬೇಕು ಎಂಬ ಲೆಕ್ಕ ಸಿಗುತ್ತದೆ. ಅದಿಲ್ಲದೆ ಮುಂದೆ ಹೋಗುವುದು ಕಣ್ಣು ಕಟ್ಟಿಕೊಂಡು ಬಾವಿಗಿಳಿದಂತೆ. ಮಾರನೇ ದಿನ ಇಬ್ಬರು ಜೀವ ಪಣಕ್ಕಿಟ್ಟು ಒಡೆದ ದೋಣಿ ತಲುಪಿ ಸಂತೋಷದಿಂದ ಕೂಗಿದರು. ಉಪಕರಣದ ಮೇಲೆ ಹುಡುಗರಿಗೆ ಎಷ್ಟು ಪ್ರೀತಿ ಎಂದು ಪೊವೆಲ್ ಹಿಗ್ಗಿದ. ನಿಜವೆಂದರೆ ಬ್ಯಾರೋಮೀಟರ್ ಜೊತೆ, ಅವನಿಗೆ ತಿಳಿಯದಂತೆ ಬಚ್ಚಿಟ್ಟಿದ್ದ ವಿಸ್ಕಿ ಪೀಪಾಯಿಯೂ ಸಿಕ್ಕಿತ್ತು.

ಇನ್ನೊಮ್ಮೆ ಎತ್ತರ ಅಳೆಯಲು ಬಂಡೆ ಹತ್ತಿದ ಪೊವೆಲ್, ಒಂದೇ ಕೈಯಲ್ಲಿ ಜೋತುಬಿದ್ದು ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ಸಿಕ್ಕಿಹಾಕಿಕೊಂಡ. ಮೇಲಿದ್ದ ಜಾರ್ಜ್ ಬ್ರಾಡ್ಲಿಗೆ ಹಗ್ಗ ಸಿಗಲಿಲ್ಲ. ತನ್ನ ಉದ್ದನೆಯ ಒಳಚಡ್ಡಿಯನ್ನೇ ಬಿಚ್ಚಿ ಇಳಿಬಿಟ್ಟು ಎಳೆದುಕೊಂಡ.

ಇತ್ತ ನಾಡಿನಲ್ಲಿ ಪೊವೆಲ್ ಸತ್ತಿದ್ದ! ಜಾನ್ ರಿಸ್ಡನ್ ಎಂಬಾತ, ತಂಡವೆಲ್ಲ ನದಿಯಲ್ಲಿ ಮುಳುಗಿತು, ಬದುಕಿ ಬಂದವನು ನಾನೊಬ್ಬನೇ ಎಂದು ಕಣ್ಣೀರಿಟ್ಟು ಹೇಳಿದ. ಪತ್ರಿಕೆಗಳು ಅಚ್ಚು ಹಾಕಿಯೇಬಿಟ್ಟವು. ಫ್ಯಾಕ್ಟ್‌ಚೆಕ್ ಮಾಡಿದ್ದು ಎಮ್ಮಾ. ಅಂಥ ಹೆಸರಿನವನು ತಂಡದಲ್ಲೇ ಇರಲಿಲ್ಲ, ದುರಂತ ನಡೆಯಿತು ಎಂದ ದಿನಾಂಕದ ನಂತರ ಗಂಡ ಬರೆದ ಪತ್ರ ತನ್ನ ಕೈಯಲ್ಲಿದೆ ಎಂದು ಆಕೆ ತೋರಿಸಿಕೊಟ್ಟಳು. ಹೆಸರು ಮತ್ತು ದಿನಾಂಕ, ಎರಡೇ ಪ್ರಶ್ನೆ, ಸುಳ್ಳು ಬಿದ್ದುಹೋಯಿತು.

ತಂಡಕ್ಕೆ ಕಷ್ಟ ಮಾತ್ರ ನಿಜವೇ ಇತ್ತು. ಒಬ್ಬ ಜುಲೈನಲ್ಲೇ ಬಿಟ್ಟು ಹೋದ. ಕೊಳೆತ ಹಿಟ್ಟು, ಕಾಫಿ ಬಿಟ್ಟರೆ ತಿನ್ನಲು ಏನೂ ಉಳಿಯದ ಆಗಸ್ಟ್ 28ರಂದು ಇನ್ನೂ ಮೂವರು ಮುಂದಿನ ಧುಮುಕು ಕಂಡು ಹೆದರಿ, ಕಣಿವೆ ಹತ್ತಿ ನಡೆದೇ ಹೊರಟರು. ಅವರು ಊರು ಸೇರಲಿಲ್ಲ, ಕೊಲೆಯಾದರು. ಕೊಂದವರು ಯಾರು ಎಂಬ ವಾದ ಇಂದಿಗೂ ಮುಗಿದಿಲ್ಲ. ನದಿಯಲ್ಲೇ ಉಳಿದ ಆರು ಜನ ಎರಡೇ ದಿನದಲ್ಲಿ ಸುರಕ್ಷಿತವಾಗಿ ಹೊರಬಂದರು.

ಪೊವೆಲ್ ರಾಷ್ಟ್ರವೀರನಾದ. 1871ರಲ್ಲಿ ಎರಡನೇ ತಂಡ ಕಟ್ಟಿಕೊಂಡು ಮತ್ತೆ ಹೋದ. ಒಂದು ಮಾತು ಹೇಳಲೇಬೇಕು: ಮುಂದೆ ಬರೆದ ವರದಿಯಲ್ಲಿ ಎರಡನೇ ಪ್ರಯಾಣದ ಘಟನೆಗಳನ್ನೂ ಮೊದಲನೆಯದರಲ್ಲೇ ಸೇರಿಸಿ, ಆ ತಂಡದವರ ಹೆಸರನ್ನೇ ಬಿಟ್ಟುಬಿಟ್ಟ. ಕಷ್ಟಪಟ್ಟವರಿಗೆ ಅದು ಅನ್ಯಾಯ. ಅದರಲ್ಲೂ ನಿಜವಾದ ನಕ್ಷೆ ಕೆಲಸ ಮಾಡಿದ್ದು ಎರಡನೇ ತಂಡವೇ. ಪೊವೆಲ್‌ನ ಭಾವ ಆಲ್ಮನ್ ಥಾಂಪ್ಸನ್ ಯೂಟಾದ ಕನಾಬ್ ಬಳಿ ಒಂಬತ್ತು ಮೈಲಿ ಉದ್ದದ ನೇರ ಗೆರೆಯೊಂದನ್ನು ನೆಲದ ಮೇಲೆ ಅಳೆದು, ಅದರಿಂದ ತ್ರಿಕೋನ ಕಟ್ಟುತ್ತಾ ಸುತ್ತಲಿನ ಸೀಮೆಯನ್ನೆಲ್ಲ ಕಾಗದಕ್ಕೆ ಇಳಿಸಿದ.

160 ಎಕರೆ ಸಾಲದು ಎಂಬ ಲೆಕ್ಕ

ನದಿಯ ಸಾಹಸಕ್ಕಿಂತ ದೊಡ್ಡ ಕೆಲಸ ಇನ್ನು ಮುಂದಿನದು. ಯೂಟಾದಲ್ಲಿ ಓಡಾಡುವಾಗ ಪೊವೆಲ್ ಕಂಡದ್ದು ಇಷ್ಟು: ನೆಲ ಬೇಕಾದಷ್ಟಿದೆ, ನೀರಿಲ್ಲ. ಅಲ್ಲಿನ ಮಾರ್ಮನ್ ರೈತರು ಬದುಕಿದ್ದು ಊರೆಲ್ಲ ಸೇರಿ ಒಂದೇ ಕಾಲುವೆ ತೋಡಿ, ಸರದಿಯ ಮೇಲೆ ನೀರು ಹಂಚಿಕೊಂಡಿದ್ದರಿಂದ. ನಮ್ಮ ಕೆರೆ ಅಚ್ಚುಕಟ್ಟಿನ ನೀರುಗಂಟಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ.

1878ರಲ್ಲಿ ಆತ ಸರ್ಕಾರಕ್ಕೆ ಒಣನಾಡುಗಳ ಕುರಿತ ವರದಿ ಕೊಟ್ಟ. ವರ್ಷಕ್ಕೆ 20 ಇಂಚು, ಅಂದರೆ ಸುಮಾರು 500 ಮಿಲಿಮೀಟರ್ ಮಳೆ ಇಲ್ಲದ ಕಡೆ ನೀರಾವರಿ ಇಲ್ಲದೆ ಬೇಸಾಯವನ್ನು ನಂಬಿಕೊಳ್ಳುವಂತಿಲ್ಲ ಎಂದ. ಆ ಗಡಿ ಹೆಚ್ಚುಕಡಿಮೆ ಪಶ್ಚಿಮ 100 ಡಿಗ್ರಿ ರೇಖಾಂಶದ ಮೇಲೆ ಬೀಳುತ್ತದೆ. ಅದರ ಪಶ್ಚಿಮಕ್ಕೆ ಮಳೆ ಯಾಕೆ ಕಡಿಮೆ? ಪೆಸಿಫಿಕ್ ಸಾಗರದ ತೇವವನ್ನು ಬೆಟ್ಟಸಾಲುಗಳು ಮೊದಲೇ ಹಿಂಡಿಕೊಳ್ಳುತ್ತವೆ. ಮೆಕ್ಸಿಕೋ ಕೊಲ್ಲಿಯಿಂದ ಬರುವ ತೇವ ಅಷ್ಟು ದೂರ ಮುಟ್ಟುವುದು ಕಷ್ಟ. ಆಗುಂಬೆಯಲ್ಲಿ ಸುರಿಯುವ ಮಳೆ ಚಳ್ಳಕೆರೆಗೆ ಸಿಗದ ಹಾಗೆ. ನೇಗಿಲು ಇದನ್ನು ಬದಲಿಸಲಾರದು. ಹಸಿರು, ನೀರಾವರಿ ಸ್ಥಳೀಯ ಹವೆಯ ಮೇಲೆ ಒಂದಿಷ್ಟು ಪ್ರಭಾವ ಬೀರುವುದು ನಿಜ. ಆದರೆ 1870ರ ದಶಕದ ಕೊನೆಯಲ್ಲಿ ಅಲ್ಲಿ ಮಳೆ ಚೆನ್ನಾಗಿ ಬಂದದ್ದು ನೇಗಿಲಿನಿಂದಲ್ಲ. ಹವಾಮಾನಕ್ಕೆ ಒದ್ದೆ ವರ್ಷಗಳ ಸರದಿಯೂ ಉಂಟು, ಒಣ ವರ್ಷಗಳ ಸರದಿಯೂ ಉಂಟು. ಜನ ಹೋದದ್ದೂ ಮಳೆ ಬಂದದ್ದೂ ಒಟ್ಟಿಗೇ ಆದ್ದರಿಂದ, ಒಂದರಿಂದ ಇನ್ನೊಂದಾಯಿತು ಎಂದು ತಿಳಿದರು.

ಆಗಿನ ಕಾನೂನು 1862ರದ್ದು. ಒಕ್ಕಲು ಮಾಡುವ ಪ್ರತಿ ಕುಟುಂಬಕ್ಕೂ 160 ಎಕರೆ ಉಚಿತ. ಮಳೆ ಚೆನ್ನಾಗಿರುವ ಕಡೆ ಅದು ಧಾರಾಳ. ಒಣಸೀಮೆಯಲ್ಲಿ ನೀರಾವರಿ ಇದ್ದರೆ 80 ಎಕರೆ ಸಾಕು, ಒಬ್ಬನಿಂದ ಅದಕ್ಕಿಂತ ಹೆಚ್ಚು ನೋಡಿಕೊಳ್ಳಲೂ ಆಗದು ಎಂದ ಪೊವೆಲ್. ನೀರಿಲ್ಲದ ಕಡೆ ಆಗುವುದು ದನ ಸಾಕಣೆ ಮಾತ್ರ, ಹುಲ್ಲು ತೆಳುವಾದ್ದರಿಂದ ಒಂದು ಕುಟುಂಬಕ್ಕೆ 2,560 ಎಕರೆ ಬೇಕು, ಅಂದರೆ ಕಾನೂನು ಕೊಡುವುದರ ಹದಿನಾರು ಪಟ್ಟು. ಜಮೀನನ್ನು ಚದುರಂಗದ ಮನೆಯಂತೆ ಚೌಕ ಕತ್ತರಿಸಬೇಡಿ, ಹೊಳೆ ಹರಿಯುವ ದಾರಿ ನೋಡಿ ಹಂಚಿ, ಪ್ರತಿಯೊಬ್ಬನಿಗೂ ಒಂದಿಷ್ಟು ನೀರಿನ ದಡ ಸಿಗಲಿ, ಮನೆಗಳು ಹತ್ತಿರ ಹತ್ತಿರ ಇರಲಿ, ಮೇವಿನ ಬಯಲು ನಮ್ಮ ಗೋಮಾಳದ ಹಾಗೆ ಬೇಲಿಯಿಲ್ಲದೆ ಎಲ್ಲರದ್ದೂ ಆಗಿರಲಿ ಎಂಬುದು ಆತನ ಯೋಜನೆ. ಚೌಕ ಕತ್ತರಿಸಿದರೆ ಹೊಳೆ ಇರುವ ಚೌಕ ಹಿಡಿದವನು ಸುತ್ತಲಿನ ಸಾವಿರಾರು ಎಕರೆಗೆ ತಾನೇ ದೊರೆಯಾಗುತ್ತಾನೆ ಎಂದು ಎಚ್ಚರಿಸಿದ್ದ. ಹಾಗೇ ಆಯಿತು.

ನಕ್ಷೆ ಬೇಕು ಎಂದವನು, ಪಟಾಕಿ ಹೊಡೆದವರು

1881ರಲ್ಲಿ ಪೊವೆಲ್ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಎರಡನೇ ನಿರ್ದೇಶಕನಾದ. ಇಡೀ ದೇಶಕ್ಕೆ ಒಂದೇ ಬಗೆಯ ಟೋಪೋಶೀಟ್ ಬೇಕು ಎಂದು ಸಂಸತ್ತಿನಿಂದ ಹಣ ತಂದ. ಎತ್ತರ ತಗ್ಗು ತೋರಿಸಲು ಬಳಸಿದ್ದು ಕಾಂಟೂರ್ ಗೆರೆ. ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಬೇಸಿಗೆಯಲ್ಲಿ ಕೆರೆ ಬತ್ತುವಾಗ ದಡದ ಮೇಲೆ ಒಂದರ ಕೆಳಗೊಂದು ನೀರಿನ ಗುರುತು ಉಳಿಯುತ್ತದಲ್ಲವೇ? ಒಂದು ಗುರುತಿನ ಉದ್ದಕ್ಕೂ ನೆಲದ ಎತ್ತರ ಒಂದೇ. ದಡ ಕಡಿದಾಗಿದ್ದರೆ ಗುರುತುಗಳು ಒತ್ತೊತ್ತಾಗಿರುತ್ತವೆ, ಇಳಿಜಾರು ಸಣ್ಣದಿದ್ದರೆ ದೂರ ದೂರ. ಅದೇ ಗುರುತುಗಳನ್ನು ಮೇಲಿನಿಂದ ನೋಡಿ ಬರೆದರೆ ಕಾಂಟೂರ್ ನಕ್ಷೆ. ಕಂದು ಗೆರೆ ಎತ್ತರಕ್ಕೆ, ನೀಲಿ ನೀರಿಗೆ, ಕಪ್ಪು ಮನುಷ್ಯ ಮಾಡಿದ್ದಕ್ಕೆ. ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಕಟ್ಟೆ ಎಲ್ಲಿ ಕಟ್ಟಬಹುದು ಎಂಬುದು ಇಂಥ ನಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಅಷ್ಟರಲ್ಲಿ ಬಯಲುಸೀಮೆ ಪಾಠ ಕಲಿಸತೊಡಗಿತ್ತು. ಹುಲ್ಲಿಗೆ ಮೀರಿದಷ್ಟು ದನ ತುಂಬಿದ್ದ ಉತ್ತರದ ಬಯಲಿನಲ್ಲಿ 1886ರ ಬರಗಾಲದ ಬೇಸಿಗೆಯ ಹಿಂದೆಯೇ ಭೀಕರ ಚಳಿಗಾಲ ಬಂತು. ದನಗಳು ಮಂದೆ ಮಂದೆಯಾಗಿ ಸತ್ತವು. ಮಳೆಯೂ ಕೈಕೊಟ್ಟಿತು. 1888ರಲ್ಲಿ ಸಂಸತ್ತು ಪೊವೆಲ್‌ಗೆ ನೀರಾವರಿ ಸರ್ವೆ ಒಪ್ಪಿಸಿತು. ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆಂದು ಅಳೆಯುವ ಇಲಾಖೆಯ ಮೊದಲ ಕೇಂದ್ರ ನ್ಯೂಮೆಕ್ಸಿಕೋದ ಎಂಬುಡೋದಲ್ಲಿ 1889ರಲ್ಲಿ ಶುರುವಾಯಿತು. ಆದರೆ ಸರ್ವೆ ಮುಗಿಯುವವರೆಗೆ ಹೊಸಬರಿಗೆ ಜಮೀನಿಲ್ಲ ಎಂಬ ಷರತ್ತು ಜಮೀನು ವ್ಯಾಪಾರಕ್ಕೆ ಅಡ್ಡ ಬಂತು. ನೆವಾಡದ ಸೆನೆಟರ್ ವಿಲಿಯಂ ಸ್ಟುವರ್ಟ್ ಮುಂದಾಳತ್ವದಲ್ಲಿ ಪಶ್ಚಿಮದ ಪ್ರತಿನಿಧಿಗಳು ತಿರುಗಿಬಿದ್ದರು. 1890ರಲ್ಲಿ ಸರ್ವೆಯ ಹಣ ನಿಂತಿತು.

ಮುಂದಿನ ವರ್ಷ, 1891ರಲ್ಲಿ, ಅದೇ ಸರ್ಕಾರ ಸುಮಾರು 9,000 ಡಾಲರ್ ಖರ್ಚು ಮಾಡಿ ಟೆಕ್ಸಾಸ್‌ನ ದನದ ರಾಂಚ್ ಒಂದರಲ್ಲಿ ಸಿಡಿಮದ್ದು ಸಿಡಿಸಿ ಮಳೆ ತರಿಸುವ ಪ್ರಯೋಗ ಮಾಡಿಸಿತು. ಸದ್ದಿಗೆ ಮೋಡ ಒಡೆಯುತ್ತದೆ ಎಂಬ ನಂಬಿಕೆ. ಪ್ರಯೋಗ ನಡೆಸಿದ ರಾಬರ್ಟ್ ಡೈರೆನ್‌ಫೋರ್ತ್ ಗೆದ್ದೆ ಎಂದ, ಹವಾಮಾನ ಬಲ್ಲವರು ಒಪ್ಪಲಿಲ್ಲ. ನೀರು ಅಳೆಯಲು ಹಣವಿಲ್ಲ, ಮೋಡಕ್ಕೆ ಪಟಾಕಿ ಹೊಡೆಯಲು ಇದೆ!

1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮಾವೇಶದಲ್ಲಿ ಪೊವೆಲ್ ಎದ್ದು ನಿಂತು, ಇರುವ ನೆಲಕ್ಕೆಲ್ಲ ಸಾಲುವಷ್ಟು ನೀರಿಲ್ಲ, ನೀವು ಮಕ್ಕಳಿಗೆ ಜಗಳ ಬಿಟ್ಟುಹೋಗುತ್ತಿದ್ದೀರಿ ಎಂಬ ಅರ್ಥದ ಮಾತಾಡಿದ. ಸಭೆ ಕೂಗಿ ಅಣಕಿಸಿತು. ಮರುವರ್ಷ ಹುದ್ದೆ ಬಿಟ್ಟ. ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು ಅಧ್ಯಯನ ಮಾಡುವ ಸಂಸ್ಥೆಯೊಂದರ ಹೊಣೆ ಮಾತ್ರ ಕೊನೆಯವರೆಗೂ ಉಳಿಸಿಕೊಂಡ. ಆ ಜನರ ಮಾತನ್ನು ಅಕ್ಕರೆಯಿಂದ ಬರೆದಿಟ್ಟವನೇ, ಅವರನ್ನು ಮೀಸಲು ಪ್ರದೇಶಗಳಿಗೆ ಕಳಿಸಬೇಕೆಂದು 1873ರಲ್ಲಿ ಶಿಫಾರಸು ಮಾಡಿದ್ದ ಎಂಬುದನ್ನೂ ಮರೆಯುವಂತಿಲ್ಲ. 1902ರ ಸೆಪ್ಟೆಂಬರ್ 23ರಂದು ಮೇನ್ ರಾಜ್ಯದ ಹೇವನ್‌ನಲ್ಲಿ ತೀರಿಕೊಂಡ.

ಈಗ ನಕ್ಷೆ ತೆರೆಯಿರಿ

ಅಮೆರಿಕದ ಆ ಇಲಾಖೆ 1884ರಿಂದ ಅಚ್ಚು ಹಾಕಿದ ಹಳೆಯ ಟೋಪೋಶೀಟ್‌ಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಂಟರ್‌ನೆಟ್‌ನಲ್ಲಿಟ್ಟಿದೆ. ಟೋಪೋವ್ಯೂ ಎಂದು ಹುಡುಕಿದರೆ ಸಿಗುತ್ತದೆ. ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಸೀಮೆಗೆ ಹೋಗಿ. ಹುಲ್ಲು ಹೊದ್ದ ಮರಳುದಿಬ್ಬಗಳ ನಾಡು, ಇಂದಿಗೂ ದನದ ರಾಂಚ್‌ಗಳಿಗೆ ಹೆಸರುವಾಸಿ. ಪೊವೆಲ್ ಹೇಳಿದ 100 ಡಿಗ್ರಿ ರೇಖಾಂಶ ಅದರ ಮೇಲೇ ಹಾಯುತ್ತದೆ.

ಮೊದಲು ಕಾಣುವುದು ಕಂದು ಗೆರೆಗಳ ಗೋಜಲು. ದಿಬ್ಬ, ಗುಂಡಿ, ಮತ್ತೆ ದಿಬ್ಬ. ಹೊಳೆಗಳು ಬಹಳ ಕಡಿಮೆ, ಯಾಕೆಂದರೆ ಬಿದ್ದ ಮಳೆ ಹರಿಯುವ ಮೊದಲೇ ಮರಳಿನೊಳಗೆ ಇಂಗುತ್ತದೆ. ತಗ್ಗಿನಲ್ಲಿ ಅಂತರ್ಜಲ ತಲೆ ಎತ್ತಿದ ಕಡೆ ಸಣ್ಣ ನೀಲಿ ಕೆರೆಗಳು. ಈಗ ಕಪ್ಪು ಚುಕ್ಕೆಗಳನ್ನು ಹುಡುಕಿ, ಅವು ಮನೆಗಳು. ಹಳೆಯ ರಾಂಚ್ ಮನೆಗಳು ನೀಲಿಯ ಪಕ್ಕದಲ್ಲೇ ಕೂತಿರುತ್ತವೆ. ನೀರಿನ ಜಾಗ ಹಿಡಿದವನೇ ದೊರೆ ಎಂದನಲ್ಲ ಪೊವೆಲ್, ಅದು ಇದೇ. ಅಂಕುಡೊಂಕಾದ ಗಾಡಿದಾರಿಗಳು ನೀರಿನಿಂದ ನೀರಿಗೆ ಹೋಗುತ್ತವೆ. ನೇರ ಗೆರೆಯ ದಾರಿಗಳು ಮಾತ್ರ ಚೌಕದ ಗಡಿ ಹಿಡಿದು ಹೋಗುತ್ತವೆ. ಅವನ್ನು ಎಳೆದದ್ದು ನೆಲವಲ್ಲ, ಕಾನೂನು.

1904ರಲ್ಲಿ ಕಿಂಕೇಡ್ ಎಂಬ ಕಾನೂನು ಬಂದು ಇಲ್ಲಿ ಕುಟುಂಬಕ್ಕೆ 640 ಎಕರೆ ಕೊಟ್ಟರು. 160ಕ್ಕಿಂತ ವಾಸಿ, ಆದರೆ ಪೊವೆಲ್ ಕೇಳಿದ್ದರ ಕಾಲುಭಾಗ. ಬಂದವರು ಮರಳನ್ನು ಉತ್ತರು. ಹುಲ್ಲಿನ ಬೇರು ಕಿತ್ತ ಕಡೆ ಮರಳು ಗಾಳಿಗೆ ಹಾರಿತು. ಕೆಲವೇ ವರ್ಷಗಳಲ್ಲಿ ಹೆಚ್ಚಿನವರು ಜಮೀನನ್ನು ರಾಂಚ್‌ಗಳಿಗೆ ಮಾರಿ ಹೊರಟರು. ಒಂದೇ ಜಾಗದ ಬೇರೆ ಬೇರೆ ಕಾಲದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಇಂಥ ಸೀಮೆಯ ಕಥೆ ಕಾಣುತ್ತದೆ. ಶಾಲೆಗೆ ಗುರುತು ಬಾವುಟ ಹೊತ್ತ ಪುಟ್ಟ ಚೌಕ. ಒಂದು ಹಾಳೆಯಲ್ಲಿ ಬಾವುಟ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಮನೆಯ ಚುಕ್ಕೆ ಮಾಯವಾಗಿ ಗಾಳಿಯಂತ್ರದ ಗುರುತು ಉಳಿಯುತ್ತದೆ, ದನಗಳಿಗೆ ನೀರೆತ್ತಲು. ಸ್ಯಾಂಡ್‌ಹಿಲ್ಸ್‌ನ ಚೆರ್ರಿ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಆರು ಸಾವಿರಕ್ಕಿಂತ ಕಡಿಮೆ.

ಬೇರೆ ಕಡೆ ಇನ್ನೂ ಘೋರ. 1917ರ ನಂತರದ ಬರದಲ್ಲಿ ಮೊಂಟಾನದ ಸಾವಿರಾರು ಕುಟುಂಬಗಳು ಹೊಲ ಬಿಟ್ಟವು, ಬ್ಯಾಂಕುಗಳು ಮುಚ್ಚಿದವು. 1930ರ ದಶಕದಲ್ಲಿ ಉತ್ತ ಬಯಲೇ ಧೂಳಾಗಿ ಎದ್ದಿತು. 1934ರಲ್ಲಿ ಸರ್ಕಾರ ಉಳಿದ ಬಯಲನ್ನು ಒಕ್ಕಲಿಗೆ ಹಂಚುವುದನ್ನು ಬಹುಮಟ್ಟಿಗೆ ನಿಲ್ಲಿಸಿ ಮೇವಿನ ಜಿಲ್ಲೆಗಳನ್ನು ಮಾಡಿತು. ಪೊವೆಲ್ ಕೇಳಿ 56 ವರ್ಷ ಆಗಿತ್ತು.

ಹಳೆಯ ನಕ್ಷೆಯ ಸ್ಕ್ರೀನ್‌ಶಾಟ್ ಹಾಕಿ, ಇಲ್ಲಿ ಮೊದಲು ಊರಿತ್ತು, ಹೊಳೆಯಿತ್ತು ಎಂದು ಬರುವ ಫಾರ್ವರ್ಡ್‌ಗಳನ್ನು ನೋಡುವಾಗ ಎರಡು ವಿಷಯ ಗಮನಿಸಿ. ಆ ಕಾಲದ ಸರ್ವೆಯವರು ಮೂರು ಕಾಲಿನ ಹಲಗೆಯ ಮೇಲೆ ಕಾಗದ ಹರಡಿ, ಕೆಲವು ಬಿಂದುಗಳನ್ನು ಅಳೆದು, ನಡುವಿನದನ್ನು ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. ಹಾಗಾಗಿ ನಕ್ಷೆಯಲ್ಲಿ ಇಲ್ಲದ್ದು ನೆಲದ ಮೇಲೂ ಇರಲಿಲ್ಲ ಎಂದರ್ಥವಲ್ಲ. ಇನ್ನೊಂದು, ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಇರುತ್ತದೆ. 1890ರ ದಶಕದಲ್ಲಿ ಅಳೆದ ನೆಲವನ್ನು ಮತ್ತೆ ಅಳೆಯದೆ ದಶಕಗಳ ನಂತರವೂ ಹಾಗೇ ಅಚ್ಚು ಹಾಕಿದ್ದುಂಟು. ಮೊದಲು ಸರ್ವೆಯ ವರ್ಷ ಓದಿ.